ಕೀಮೊ ಡೇಕೇರ್ ಸಿಸ್ಟರ್‌ಗೆ ಕೇಳಿ: ಕೂದಲು ಉದುರೋದು, ಕೈ ಉರಿ, ಕಪ್ಪಾದ ಚರ್ಮ

ಪ್ರಶ್ನೆ (ಆಳಂದ ಕಡೆಯಿಂದ): ನಮಸ್ಕಾರ ಸಿಸ್ಟರ್. ನಮ್ಮ ಅಕ್ಕನಿಗೆ 43 ವರ್ಷ, ಸ್ತನದ ಕ್ಯಾನ್ಸರ್. ಕಲಬುರಗಿಯಲ್ಲೇ ಕೀಮೊ ನಡೆಯುತ್ತಿದೆ, ಕೆಂಪು ಔಷಧಿ ಹಾಕುತ್ತಾರೆ. ಮೊದಲನೇ ಸಲ ಹಾಕಿ ಇವತ್ತಿಗೆ 16 ದಿನ. ನಿನ್ನೆ ಬಾಚಿದಾಗ ಕೈತುಂಬ ಕೂದಲು ಬಂತು, ಆಗಿನಿಂದ ಊಟ ಬಿಟ್ಟು ಕೂತಿದ್ದಾಳೆ. ತಲೆ ತೆಗೆಸಿಬಿಡೋಣ ಅಂದರೆ ಅವಳ ಅತ್ತೆ "ಗಂಡ ಇರುವಾಗ ಹೆಂಗಸು ತಲೆ ಬೋಳಿಸ್ತಾಳೇನು" ಅಂತ ಜಗಳ ತೆಗೆದಿದ್ದಾರೆ. ಕೂದಲು ಉಳಿಸೋ ಎಣ್ಣೆ, ಮಾತ್ರೆ ಏನಾದರೂ ಇದೆಯಾ? ಒಂದು ಅಂಗಡಿಯಲ್ಲಿ 3,000 ರೂಪಾಯಿಗೆ ಎಣ್ಣೆ ಕೊಡ್ತೀವಿ ಅಂತಾರೆ.

ಉತ್ತರ: ಮೊದಲು ಆ ಮೂರು ಸಾವಿರ ಉಳಿಸಿ ತಂಗಿ. ಕೆಂಪು ಔಷಧಿ ಅಂದರೆ ಡಾಕ್ಸೊರುಬಿಸಿನ್ ಇರಬೇಕು. ಅದರಲ್ಲಿ ಕೂದಲು ಹೋಗೇ ಹೋಗುತ್ತೆ, ಸಾಮಾನ್ಯವಾಗಿ ಎರಡರಿಂದ ಮೂರು ವಾರದೊಳಗೆ. ನಿಮ್ಮಕ್ಕನದು ಲೆಕ್ಕಕ್ಕೆ ಸರಿಯಾಗಿಯೇ ಬಂದಿದೆ. ಕೀಮೊ ಬೇಗ ಬೇಗ ಬೆಳೆಯೋ ಜೀವಕೋಶಗಳನ್ನು ಹೊಡೆಯುತ್ತೆ. ನಮ್ಮ ತಲೆಯ ನೂರು ಕೂದಲಲ್ಲಿ 85-90 ಯಾವಾಗಲೂ ಬೆಳೀತಾನೇ ಇರುತ್ತವೆ, ಏಟು ಬೀಳೋದು ಅದಕ್ಕೇ. ಮೇಲೆ ಎಣ್ಣೆ ಸುರಿದರೆ ಬೇರಿಗೆ ಹೋದ ಔಷಧಿ ವಾಪಸ್ ಬರೋದಿಲ್ಲ. ಬಯೋಟಿನ್ ಮಾತ್ರೆಯನ್ನೂ ನೀವಾಗಿಯೇ ಕೊಡಬೇಡಿ, ಅದು ಕೆಲವು ರಕ್ತ ಪರೀಕ್ಷೆಗಳ ರಿಪೋರ್ಟನ್ನೇ ತಪ್ಪು ತೋರಿಸುತ್ತೆ. ತಲೆಗೆ ತಣ್ಣನೆ ಟೋಪಿ ಹಾಕಿ ಕೀಮೊ ಕೊಡೋ ಮಷಿನ್ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಇದೆ. ಆದರೆ ಅದನ್ನು ಕೀಮೊ ಶುರುವಾಗೋ ಮೊದಲೇ ಹಾಕಬೇಕು, ಈಗ ಹೊತ್ತು ಮೀರಿದೆ. ಮನೇಲಿ ಐಸ್ ಕಟ್ಟೋ ಸಾಹಸವಂತೂ ಬೇಡವೇ ಬೇಡ.

ಅತ್ತೆಯ ವಿಷಯ. ಇದು ನಮ್ಮ ವಾರ್ಡಲ್ಲಿ ತಿಂಗಳಿಗೆ ಒಂದೆರಡು ಸಲ ನಡೆಯೋ ಜಗಳ. ಅವರು ಕೆಟ್ಟವರು ಅಂತಲ್ಲ, ಬೋಳು ತಲೆ ಅಂದರೆ ಅವರ ಕಣ್ಣಿಗೆ ಬರೋ ಚಿತ್ರವೇ ಬೇರೆ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಮುತ್ತೈದೆಯರನ್ನು ಅವರೂ ನೋಡಿರುತ್ತಾರಲ್ವಾ? ಅದನ್ನು ನೆನಪಿಸಿ ನೋಡಿ. ಇನ್ನೊಂದು, ಪೂರ್ತಿ ಬೋಳಿಸೋ ಅಗತ್ಯವೂ ಇಲ್ಲ. ಕ್ಷೌರದ ಕತ್ತಿ, ಬ್ಲೇಡ್ ಬೇಡ, ಗಾಯ ಆದರೆ ಈಗ ಸೋಂಕು ಬೇಗ ಹತ್ತುತ್ತೆ. ಟ್ರಿಮ್ಮರಿನಿಂದ ಗಿಡ್ಡ ಮಾಡಿ ಸಾಕು. ಉದ್ದ ಜಡೆ ದಿಂಬಿನ ಮೇಲೆ, ಊಟದ ತಟ್ಟೆಯಲ್ಲಿ ಎಳೆ ಎಳೆಯಾಗಿ ಬೀಳೋದನ್ನು ನೋಡೋದೇ ಜಾಸ್ತಿ ಸಂಕಟ.

ತಲೆ ಮೇಲೆ ಸೆರಗು ಹೊದ್ದುಕೊಳ್ಳೋ ನಮ್ಮ ರೂಢಿ ಈಗ ಉಪಯೋಗಕ್ಕೆ ಬರುತ್ತೆ. ಆದರೆ ಸಿಂಥೆಟಿಕ್ ಸೀರೆ ಬೋಳು ತಲೆಯ ಮೇಲೆ ನಿಲ್ಲೋದಿಲ್ಲ, ಜಾರುತ್ತೆ. ಒಳಗೆ ತೆಳು ಕಾಟನ್ ಟೋಪಿ ಹಾಕಿ ಮೇಲೆ ಸೆರಗು ಹಾಕಿಕೊಳ್ಳಲಿ. ಕಲಬುರಗಿ ಬಿಸಿಲು ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತೆ, ಕೂದಲಿಲ್ಲದ ನೆತ್ತಿ ಬೇಗ ಸುಡುತ್ತೆ.

ಕೊನೆಯ ಕೀಮೊ ಆದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ಹೊಸ ಕೂದಲು ಬರೋಕೆ ಶುರುವಾಗುತ್ತೆ. ಮೊದಲು ಎಳೆ ಮಗುವಿನ ಕೂದಲಿನ ಹಾಗೆ. ಗುಂಗುರಾಗಿ ಬರಬಹುದು, ಬಣ್ಣ ಬೇರೆ ಇರಬಹುದು. ಡೊಸೆಟ್ಯಾಕ್ಸೆಲ್ ಅನ್ನೋ ಔಷಧಿ ಪಡೆದವರಲ್ಲಿ ಅಪರೂಪಕ್ಕೆ ಮೊದಲಿನಷ್ಟು ದಟ್ಟ ಬರದೇ ಇರೋದೂ ಉಂಟು, ಅದನ್ನು ಮುಚ್ಚಿಡೋದಿಲ್ಲ. ಹೊಸ ಕೂದಲಿಗೆ ಅಂಗಡಿಯ ಕಪ್ಪು ಮೆಹಂದಿ ಮಾತ್ರ ಹಚ್ಚಬೇಡಿ, ಅದರಲ್ಲಿ ಬಣ್ಣದ ಕೆಮಿಕಲ್ ಬೆರೆಸಿರುತ್ತಾರೆ, ಅಲರ್ಜಿ ಆದರೆ ನೆತ್ತಿಯೆಲ್ಲ ಗುಳ್ಳೆ.

ಪ್ರಶ್ನೆ (ಬೀದರದಿಂದ): ಸಿಸ್ಟರ್, ನಮ್ಮ ಅವ್ವನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಹೈದರಾಬಾದಿನಲ್ಲಿ ಆಪರೇಷನ್ ಆಯಿತು, ಈಗ ಮಾತ್ರೆ ಕೀಮೊ, ಕ್ಯಾಪೆಸಿಟಬಿನ್. ಎರಡು ವಾರ ನುಂಗೋದು, ಒಂದು ವಾರ ಬಿಡೋದು. ಕೂದಲು ಏನೂ ಹೋಗಿಲ್ಲ, ಅದಕ್ಕೆ ಔಷಧಿ ನಾಟಿಲ್ಲ ಅಂತ ನೆಂಟರು ಹೇಳ್ತಾರೆ. ಆದರೆ ಅಂಗೈ ಅಂಗಾಲು ಕೆಂಪಾಗಿ ಖಾರ ಹಚ್ಚಿದಂಗೆ ಉರಿಯುತ್ತಂತೆ.

ಉತ್ತರ: ನೆಂಟರ ಮಾತು ಬಿಡಿ ಅಣ್ಣ. ಕೂದಲು ಉದುರಿದರೆ ಔಷಧಿ ನಾಟಿದೆ, ಉದುರದಿದ್ದರೆ ಇಲ್ಲ ಅನ್ನೋ ಲೆಕ್ಕವೇ ಇಲ್ಲ. ಈ ಮಾತ್ರೆ ಕೂದಲಿಗಿಂತ ಕೈಕಾಲಿಗೆ ಕಾಟ ಕೊಡೋದು. ನನ್ನನ್ನು ಕೇಳಿದರೆ ಕೂದಲಿಗಿಂತ ಇದೇ ದೊಡ್ಡ ವಿಷಯ. ಕೂದಲು ಹೋದರೆ ಕಣ್ಣೀರು ಬರುತ್ತೆ, ಮನೆಯವರೆಲ್ಲ ಸುತ್ತ ಕೂರುತ್ತಾರೆ. ಅಂಗೈ ಉರಿದರೆ ನಮ್ಮ ಹೆಂಗಸರು ಹೇಳೋದೇ ಇಲ್ಲ, ಚರ್ಮ ಸುಲಿಯೋವರೆಗೂ ಸುಮ್ನೆ ಇರ್ತಾರೆ.

ಒಂದು ಕೇಳ್ತೀನಿ, ಅವ್ವ ಈಗಲೂ ರೊಟ್ಟಿ ಬಡಿಯುತ್ತಾರಾ? ಬಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಕುದಿಯೋ ನೀರು ಹಾಕಿದ ಜೋಳದ ಹಿಟ್ಟು ನಾದೋದು, ಅಂಗೈಯಲ್ಲಿ ಬಡಿಯೋದು, ಹಂಚಿನ ಝಳ. ಈ ತೊಂದರೆಗೆ ಬಿಸಿ ಮತ್ತು ತಿಕ್ಕಾಟ ಎರಡೂ ಆಗೋದಿಲ್ಲ, ರೊಟ್ಟಿಯಲ್ಲಿ ಎರಡೂ ಇವೆ. ಹಾಗೇ ಪಾತ್ರೆ ತಿಕ್ಕೋದು, ಬಟ್ಟೆ ಹಿಂಡೋದು, ಬಿಸಿ ನೀರಲ್ಲಿ ಕಾಲು ಇಡೋದು, ಬರಿಗಾಲಲ್ಲಿ ಗುಡಿ ಸುತ್ತೋದು ಎಲ್ಲ ಕೆಲವು ತಿಂಗಳು ಬೇಡ. ಮೆತ್ತನೆ ಚಪ್ಪಲಿ, ಸಡಿಲ ಕಾಟನ್ ಸಾಕ್ಸ್. ದಿನಕ್ಕೆ ಎರಡು ಮೂರು ಸಲ ಯೂರಿಯಾ ಇರೋ ಕ್ರೀಮ್ ಮೃದುವಾಗಿ ಸವರಲಿ, ತಿಕ್ಕಬಾರದು.

ಇನ್ನೊಂದು ಒಳ್ಳೆ ಸುದ್ದಿ. ದೆಹಲಿಯ ಏಮ್ಸ್‌ನವರು ಇದೇ ಮಾತ್ರೆ ನುಂಗೋ 264 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಕೈಗೆ ನೋವಿಗೆ ಹಚ್ಚೋ ಡೈಕ್ಲೊಫೆನಾಕ್ ಜೆಲ್ಲನ್ನು ಮೊದಲಿನಿಂದಲೇ ಹಚ್ಚಿಸಿದರು. ಸ್ವಲ್ಪ ಜೋರಾದ ಉರಿ, ಸುಲಿತ ಬಂದದ್ದು ಆ ಗುಂಪಿನಲ್ಲಿ ನೂರಕ್ಕೆ 3.8 ಜನರಿಗೆ, ಇನ್ನೊಂದರಲ್ಲಿ 15 ಜನರಿಗೆ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅದು ಬರದಂತೆ ತಡೆಯೋಕೆ ಮಾಡಿದ ಪರೀಕ್ಷೆ. ನಿಮ್ಮ ಅವ್ವನಿಗೆ ಆಗಲೇ ಶುರುವಾಗಿದೆ, ಅದಕ್ಕೆ ಹಚ್ಚೋ ಮೊದಲು ಡಾಕ್ಟರನ್ನು ಕೇಳಿ. ಚರ್ಮ ಒಡೆದ ಕಡೆ ಹಚ್ಚಲೇಬೇಡಿ.

ಗುಳ್ಳೆ ಎದ್ದರೆ, ನೋವಿಗೆ ಕುಪ್ಪಸದ ಹುಕ್ ಹಾಕೋಕೂ ಆಗದಿದ್ದರೆ, ಮುಂದಿನ ಮಾತ್ರೆ ನುಂಗೋ ಮೊದಲೇ ಫೋನ್ ಮಾಡಿ. ಡಾಕ್ಟರು ಕೆಲವು ದಿನ ನಿಲ್ಲಿಸಿ, ಡೋಸ್ ಕಮ್ಮಿ ಮಾಡಿ ಮತ್ತೆ ಶುರು ಮಾಡುತ್ತಾರೆ. ಹೇಳದೇ ಮನೇಲಿ ನೀವೇ ಅರ್ಧ ಮಾತ್ರೆ ಮಾಡಿ ಕೊಡೋದು, ಪೂರ್ತಿ ಬಿಟ್ಟುಬಿಡೋದು ಎರಡೂ ತಪ್ಪು.

ಪ್ರಶ್ನೆ (ಯಾದಗಿರಿಯಿಂದ): ನಮ್ಮ ಅಪ್ಪನಿಗೆ ಗಂಟಲಿಗೆ ಕರೆಂಟು ಕೊಡುತ್ತಿದ್ದಾರೆ, 18 ಆಯಿತು. ಕುತ್ತಿಗೆ ಕಪ್ಪಾಗಿದೆ, ಗಡ್ಡ ಉದುರಿದೆ, ತಲೆ ಕೂದಲು ಹಾಗೇ ಇದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಉತ್ತರ: ಕರೆಂಟು ಅಂದರೆ ರೇಡಿಯೇಷನ್. ಕರೆಂಟಲ್ಲ ಅದು, ಆದರೂ ನಮ್ಮ ಕಡೆ ಎಲ್ಲರೂ ಹಾಗೇ ಅನ್ನೋದು, ಇರಲಿ. ಅದು ಬಿದ್ದ ಜಾಗದ ಕೂದಲಷ್ಟೇ ಹೋಗುತ್ತೆ, ಅದಕ್ಕೇ ಗಡ್ಡ ಹೋಗಿ ತಲೆ ಉಳಿದಿದೆ. ಎರಡು ಮೂರು ವಾರಕ್ಕೆ ಚರ್ಮ ಕೆಂಪಗೆ, ಕಪ್ಪಗೆ ಆಗೋದು ಶುರು, ಮುಗಿಯೋ ಹೊತ್ತಿಗೆ ಮತ್ತು ಮುಗಿದ ಮೇಲೂ ಒಂದು ವಾರ ಜಾಸ್ತಿ ಇರುತ್ತೆ, ಆಮೇಲೆ ಕೆಲವು ವಾರದಲ್ಲಿ ಮಾಯುತ್ತೆ. ಅರಿಶಿನ, ವಿಭೂತಿ, ಎಣ್ಣೆ ಆ ಜಾಗಕ್ಕೆ ಬೇಡ. ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಒತ್ತಿ ಒರೆಸೋದು. ಬ್ಲೇಡಿನಿಂದ ಶೇವಿಂಗ್ ಬೇಡ. ಕ್ರೀಮ್ ಅಲ್ಲಿನ ಡಾಕ್ಟರ್ ಬರೆದದ್ದು ಮಾತ್ರ.

ಲಿಂಗ ಕಟ್ಟಿಕೊಂಡಿದ್ದರೆ ಶಿವದಾರ ಕುತ್ತಿಗೆಗೆ ತಿಕ್ಕುತ್ತಾ ಇರುತ್ತೆ. ಇದನ್ನು ಎಷ್ಟೋ ಜನ ಹಿರಿಯರು ಹೇಳೋಕೆ ಸಂಕೋಚ ಪಡ್ತಾರೆ, ನಾವೂ ಕೇಳೋಕೆ ಮರೀತೀವಿ. ತೋಳಿಗೆ ಸಡಿಲವಾಗಿ ಕಟ್ಟಿಕೊಂಡವರಿದ್ದಾರೆ, ಅಪ್ಪನ ಜೊತೆ ಕೂತು ಕೇಳಿ. ಹೊರಗೆ ಹೋಗುವಾಗ ಕುತ್ತಿಗೆಗೆ ಮೆತ್ತನೆಯ ಹಳೇ ಕಾಟನ್ ಬಟ್ಟೆ, ಒರಟು ಟವೆಲ್ ಅಲ್ಲ. ನೀರು ಒಸರಿದರೆ ಮರುದಿನ ಮಷಿನ್ ಮೇಲೆ ಮಲಗೋ ಮೊದಲೇ ತೋರಿಸಿ. ತಂಬಾಕು ಇನ್ನೂ ಬಾಯಲ್ಲಿದ್ದರೆ ಯಾವ ಕ್ರೀಮೂ ಕೆಲಸ ಮಾಡೋದಿಲ್ಲ, ಅದನ್ನು ನೀವೇ ಹೇಳಬೇಕು.

ಆಳಂದದವರು ಮತ್ತೆ: ಸಿಸ್ಟರ್, ಅತ್ತೆ ಮಾತು ಬಿಟ್ಟಿದ್ದಾರೆ, ಆದರೆ ಬೇಡ ಅಂತಲೂ ಅನ್ನುತ್ತಿಲ್ಲ. ನನ್ನ ತಮ್ಮ ಗಡ್ಡಕ್ಕೆ ಬಳಸೋ ಟ್ರಿಮ್ಮರ್ ಇದೆ, ನಡೆಯುತ್ತಾ?

ಉತ್ತರ: ನಡೆಯುತ್ತೆ. ತಲೆಯನ್ನು ತೆಗೆದು ಬ್ರಷ್‌ನಿಂದ ಸ್ವಚ್ಛ ಮಾಡಿ, ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. (ಟ್ರಿಮ್ಮರಿನ ತಲೆ ರೀ, ಅಕ್ಕನದಲ್ಲ.) ಮೇಲೆ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿ, ಬರೀ ಬ್ಲೇಡ್ ನೆತ್ತಿಗೆ ತಾಗಬಾರದು. ಒಣ ಕೂದಲಲ್ಲೇ ಮಾಡಿ, ಜಡೆಯನ್ನು ಮೊದಲು ಕತ್ತರಿಯಿಂದ ಕತ್ತರಿಸಿಕೊಳ್ಳಿ. ಮತ್ತೆ ಮನೇಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ತನ್ನಿ, ಜ್ವರ 100.4 ಮುಟ್ಟಿದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.