ಪಕ್ಕದವರ ಹುಣಸೆ ಮರ ನಮ್ಮ ಕೊಟ್ಟಿಗೆ ಮೇಲೆ ವಾಲಿದೆ, ಏನು ಮಾಡಲಿ?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನ ರೈತರು): ನಮಸ್ಕಾರ ಮೇಡಂ. ನಮ್ಮ ತೋಟದ ಪಕ್ಕದ ಜಮೀನು ದಾಯಾದಿಗಳದ್ದು. ಅವರ ಬದುವಿನಲ್ಲಿ ಅಜ್ಜನ ಕಾಲದ ಹುಣಸೆ ಮರ ಇದೆ. ಬೊಡ್ಡೆ ಟೊಳ್ಳಾಗಿದೆ, ಗೆದ್ದಲು ಹತ್ತಿದೆ, ಮರ ನಮ್ಮ ಕಡೆಗೇ ವಾಲಿದೆ. ಕೆಳಗೆ ನಮ್ಮ ದನದ ಕೊಟ್ಟಿಗೆ. ಪಕ್ಕದ ಬಂಡಿದಾರಿಯಲ್ಲಿ ಹಟ್ಟಿಯ ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ. ಹೋದ ವರ್ಷ ಗಾಳಿಗೆ ಒಂದು ಟೊಂಗೆ ಮುರಿದು ಕೊಟ್ಟಿಗೆಯ ಎರಡು ಶೀಟು ಒಡೆದವು. ಕೇಳಿದರೆ, 'ಹಣ್ಣು ಬಿಡುವ ಮರ, ಕಡಿಯಲ್ಲ. ನಿಮ್ಮ ಕೊಟ್ಟಿಗೆನೇ ಆಚೆ ಕಟ್ಟಿಕೊಳ್ಳಿ' ಅನ್ನುತ್ತಾರೆ. ನಾನೇ ಆಳು ಕರೆಸಿ ಕಡಿಸಿಬಿಡಲಾ?

ಉತ್ತರ (ವಕೀಲೆ, ಚಿತ್ರದುರ್ಗ): ದಯವಿಟ್ಟು ಕಡಿಸಬೇಡಿ ಸರ್. ಅವರ ಜಮೀನಿಗೆ ಹೋಗಿ ಮರ ಕಡಿದರೆ ಅತಿಕ್ರಮ ಪ್ರವೇಶ, ಆಸ್ತಿ ಹಾನಿ ಅಂತ ಕೇಸು ನಿಮ್ಮ ಮೇಲೇ ಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ. ಅನುಮತಿ ಇಲ್ಲದೆ ಕಡಿದರೆ ಅರಣ್ಯ ಇಲಾಖೆಯವರಿಗೂ ಉತ್ತರ ಕೊಡಬೇಕು. ಕೆಲವರು ರಾತ್ರಿ ಹೋಗಿ ಬೊಡ್ಡೆಗೆ ಆಸಿಡ್ ಹಾಕುತ್ತಾರೆ. ನ್ಯಾಯ ಪೂರ್ತಿ ತಮ್ಮ ಕಡೆ ಇದ್ದವರು ಹೀಗೆ ಮಾಡಿ ಆರೋಪಿಗಳಾದದ್ದನ್ನು ನೋಡಿದ್ದೇನೆ, ಬಹಳ ಬೇಜಾರಾಗುತ್ತದೆ.

ಮೊದಲು ಬೊಡ್ಡೆ ಯಾರ ಜಮೀನಿನಲ್ಲಿದೆ ಅನ್ನುವುದು ಖಚಿತವಾಗಲಿ. ದಾಯಾದಿಗಳ ನಡುವೆ ಹಳೆಯ ಬಾಂದುಕಲ್ಲು ಎಷ್ಟೋ ಸಲ ಜಾಗದಲ್ಲೇ ಇರುವುದಿಲ್ಲ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಿ ಕೊಡಲು, ಅರ್ಜಿ ಕೊಡಿ, ಸರ್ವೆಯರ್ ಬಂದು ಅಳೆಯುತ್ತಾರೆ. ಬೊಡ್ಡೆ ಹದ್ದಿನ ಮೇಲೇ ನಿಂತಿದ್ದರೆ ಮರ ಇಬ್ಬರಿಗೂ ಸೇರಿದ್ದಾಗುತ್ತದೆ, ಆಗ ಮಾತುಕತೆಯ ದಾರಿಯೇ ಬೇರೆ.

ಅಳತೆಗೆ ಕಾಯುತ್ತಾ ಕೂರಬೇಡಿ. ಈ ವಾರವೇ ಅವರಿಗೆ ಒಂದು ನೋಟಿಸ್ ಕಳಿಸಿ. ಟೊಳ್ಳು, ಗೆದ್ದಲು, ವಾಲಿರುವುದು, ಹೋದ ವರ್ಷ ಶೀಟು ಒಡೆದದ್ದು, ಎಲ್ಲವನ್ನೂ ಬರೆದು ಫೋಟೋ ಲಗತ್ತಿಸಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ ಮಾಡಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮರ ಬಿದ್ದ ಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: 'ಗಾಳಿ ಬಂತು, ಬಿತ್ತು, ನಮ್ಮ ಕೈಲಿ ಏನಿದೆ?' ಗಟ್ಟಿ ಮರ ಬಿರುಗಾಳಿಗೆ ಬಿದ್ದರೆ ಆ ಮಾತು ನಿಲ್ಲಬಹುದು. ಅಪಾಯ ಇದೆ ಅಂತ ಗೊತ್ತಿದ್ದೂ ಸುಮ್ನೆ ಕೂತವರ ಬಾಯಲ್ಲಿ ಅದು ನಿಲ್ಲುವುದು ಕಷ್ಟ. ಗೊತ್ತಿತ್ತು ಅನ್ನುವುದಕ್ಕೆ ನಿಮ್ಮ ನೋಟಿಸೇ ಸಾಕ್ಷಿ.

ಆಮೇಲೂ ಜಗ್ಗದಿದ್ದರೆ ಚಿತ್ರದುರ್ಗದ ಉಪವಿಭಾಗಾಧಿಕಾರಿಗಳಿಗೆ, ಅಂದರೆ ಎಸಿ ಅವರಿಗೆ, ಅರ್ಜಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇಂಥದ್ದಕ್ಕೇ ಇರುವುದು. 2024ರ ಜುಲೈ 1ಕ್ಕೆ ಮುಂಚೆ ಇದು ಹಳೆಯ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 133ನೇ ಕಲಂ ಆಗಿತ್ತು. ಬೀಳುವ ಸ್ಥಿತಿಯಲ್ಲಿರುವ ಮರದಿಂದ ನೆರೆಹೊರೆಯವರಿಗೆ, ದಾರಿಯಲ್ಲಿ ಹೋಗುವವರಿಗೆ ಅಪಾಯ ಇದ್ದರೆ, 'ತೆಗೆಸಿ ಅಥವಾ ಆಸರೆ ಕೊಡಿ, ಇಲ್ಲವಾದರೆ ಬಂದು ಕಾರಣ ಹೇಳಿ' ಅಂತ ಮಾಲೀಕರಿಗೆ ಆದೇಶ ಮಾಡಬಹುದು. ಆದೇಶ ಖಾಯಂ ಆದ ಮೇಲೂ ಮಾಡದಿದ್ದರೆ ಅಧಿಕಾರಿಗಳೇ ತೆಗೆಸಿ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಅರ್ಜಿಯಲ್ಲಿ ಬಂಡಿದಾರಿಯ ಮಕ್ಕಳ ವಿಷಯ ಮೊದಲು ಬರಲಿ, ಕೊಟ್ಟಿಗೆ ಆಮೇಲೆ. ಬರೀ ಕೊಟ್ಟಿಗೆ ಅಂತ ಬರೆದರೆ 'ಇದು ಖಾಸಗಿ ಜಗಳ, ಸಿವಿಲ್ ಕೋರ್ಟಿಗೆ ಹೋಗಿ' ಅನ್ನಬಹುದು. ಹಟ್ಟಿಯವರ ಸಹಿಯನ್ನೂ ಹಾಕಿಸಿ. ತಹಶೀಲ್ದಾರ್, ಪಿಡಿಒ, ವಲಯ ಅರಣ್ಯಾಧಿಕಾರಿಗೆ ಒಂದೊಂದು ಪ್ರತಿ ಕೊಡಿ. ಸಿವಿಲ್ ಕೋರ್ಟಿನಲ್ಲೂ ಮರ ತೆಗೆಸುವಂತೆ ಆದೇಶ ಕೇಳಬಹುದು, ಆದರೆ ಸಮಯ ಜಾಸ್ತಿ ಹಿಡಿಯುತ್ತದೆ.

ಪ್ರಶ್ನೆ (ಅದೇ ರೈತರು): ನಮ್ಮ ಕಡೆ ಚಾಚಿರುವ ಟೊಂಗೆಗಳನ್ನಾದರೂ ಕಡಿಯಬಹುದಾ ಮೇಡಂ? ಹಣ್ಣು?

ಉತ್ತರ: ನಿಮ್ಮ ಜಮೀನಿನಲ್ಲೇ ನಿಂತು, ಹದ್ದಿನವರೆಗೆ ಮಾತ್ರ ಕಡಿಯಬಹುದು ಅನ್ನುವುದು ಹಳೆಯ ನಿಯಮ. ಆದರೂ ಮೊದಲು ತಿಳಿಸಿ, ಅರಣ್ಯ ಕಚೇರಿಯಲ್ಲೂ ಕೇಳಿಕೊಳ್ಳಿ. ಕಡಿದ ಟೊಂಗೆ, ಹಣ್ಣು ಅವರದ್ದೇ. ಸೌದೆಗೆ ಅಂತ ಒಯ್ಯಬೇಡಿ. ಮತ್ತೆ, ಟೊಳ್ಳು ಮರದ ಒಂದೇ ಬದಿ ಕಡಿದರೆ ತೂಕ ತಪ್ಪಿ ಬೀಳಬಹುದು. ಮರ ಕಡಿದು ಪಳಗಿದವರನ್ನು ಕೇಳದೆ ಕೊಡಲಿ ಹಾಕಬೇಡಿ.

ಪ್ರಶ್ನೆ (ಹೊಸದುರ್ಗದ ಸದಸ್ಯರು): ನಮ್ಮದು ಪಕ್ಕದವರ ತೆಂಗಿನ ಮರ, ಕರೆಂಟ್ ತಂತಿಗೆ ತಾಗುತ್ತಿದೆ.

ಉತ್ತರ: ಈಗಲೇ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ತೆಂಗು ಕಡಿಯಲು ಮಾಲೀಕರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ, ಹಾಗಾಗಿ ಆ ನೆಪ ಅವರು ಹೇಳುವಂತಿಲ್ಲ.

ಪ್ರಶ್ನೆ (ಚನ್ನಗಿರಿಯ ಸದಸ್ಯೆ): ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ?

ಉತ್ತರ: ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಕ್ಕಾ, ಕೋರ್ಟ್ ಆವರಣದಲ್ಲೇ ಕೇಳಿದರೆ ತೋರಿಸುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಪ್ರಶ್ನೆ (ಹೊಳಲ್ಕೆರೆಯ ರೈತರು): ದನಗಳನ್ನು ಈಗ ಬೇರೆ ಕಡೆ ಕಟ್ಟಿದರೆ ನಾವೇ ಸೋತ ಹಾಗೆ ಆಗಲ್ವಾ?

ಉತ್ತರ: ಖಂಡಿತ ಇಲ್ಲ ಸರ್. ಅಪಾಯಕ್ಕೆ ಹೆದರಿ ದನ ಬೇರೆ ಕಡೆ ಕಟ್ಟಬೇಕಾಯಿತು ಅಂತ ಅರ್ಜಿಯಲ್ಲೇ ಬರೆಯೋಣ, ಅದು ನಿಮ್ಮ ಪರವಾಗಿಯೇ ಇರುತ್ತದೆ. ಇವತ್ತು ಸಂಜೆಯೇ ಬಿಚ್ಚಿ ಆಚೆ ಕಟ್ಟಿ. ಹಟ್ಟಿಯವರಿಗೂ ಹೇಳಿ, ಗಾಳಿ ಎದ್ದ ದಿನ ಮಕ್ಕಳು ಆ ದಾರಿಯಲ್ಲಿ ಬರುವುದು ಬೇಡ.