ನಾಲ್ಕು ಜನ ಇದ್ದಾಗಿನ ಯಜಮಾನಿಕೆ ನಲವತ್ತು ಜನಕ್ಕೆ ಸಾಲತ್ತಾ?

ತೀರ್ಥಹಳ್ಳಿ ಹಾಳೆತಟ್ಟೆ: ಕೊಟ್ಟಿಗೇಲಿ ಎರಡು ಮಿಷನ್ ಇಟ್ಕೊಂಡು ನಮ್ಮಣ್ಣ ಅಡಕೆ ಹಾಳೆ ತಟ್ಟೆ ಮಾಡಕ್ಕೆ ಶುರು ಮಾಡ್ದಾಗ ನಾಲ್ಕೇ ಜನ, ಈಗ 42. ಹಾಳೆ ಖರೀದಿ, ಮಿಷನ್ ರಿಪೇರಿ, ಸಂಬಳ ಎಲ್ಲಾ ಇನ್ನೂ ಅವನ ಫೋನಲ್ಲೇ. ಹೋದ ಮಳೆಗಾಲ ಹತ್ತು ದಿನ ಜ್ವರ ಬಂದು ಮಲಗಿದ, ಗೋಡೌನ್ ಸೋರ್ತಿದ್ರೂ ಅವನನ್ನ ಕೇಳ್ದೆ ಟಾರ್ಪಾಲ್ ತರಕ್ಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಹಾಳೆಗೆಲ್ಲಾ ಬೂಷ್ಟು. ಹೊರಗಿಂದ ಮ್ಯಾನೇಜರ್ ತರಣ ಅಂದ್ರೆ ಅಣ್ಣಂಗೆ ಬೇಜಾರು. ಏನ್ ಮಾಡದು?

ಸಾಗರದ ಮಾಣಿ: ತರ್ಬೇಡಿ ಮಾರಾಯ್ರೆ. ಹಾಳೆ ಮುಟ್ಟಿದ ಕೂಡ್ಲೆ ಇದು ಸೀಳತ್ತೆ ಅಂತ ಹೇಳೋ ಕೈ ನಿಮ್ಮಣ್ಣಂದು, ಎಂಬಿಎ ಓದಿದವನಿಗೆ ಎಲ್ಲಿಂದ ಬರ್ಬೇಕು?

ಶಿವಮೊಗ್ಗ ಅಕ್ಕ: ಕೈ ಬೇಕು, ಆದ್ರೆ 42 ಜನರ ಸಂಬಳದ ಲೆಕ್ಕ ಇಡಕ್ಕೆ ಅದೇ ಕೈ ಯಾಕೆ ಬೇಕು? ಲ್ಯಾರಿ ಗ್ರೈನರ್ ಅನ್ನೋ ಮ್ಯಾನೇಜ್ಮೆಂಟ್ ಪ್ರೊಫೆಸರ್ 1972ರಲ್ಲೇ ಇದನ್ನ ಬರ್ದಿದಾರೆ. ಕಂಪನಿ ಮೊದ್ಲು ಹುಟ್ಟುಹಾಕಿದವನ ಹುಮ್ಮಸ್ಸಲ್ಲಿ ಬೆಳೆಯತ್ತೆ, ಒಂದು ಹಂತಕ್ಕೆ ಬಂದ್ಮೇಲೆ ಅದೇ ಸಾಲಲ್ಲ, ಶಿಸ್ತು ತರೋರು ಬೇಕು, ಮುಂದೆ ಆ ಶಿಸ್ತೇ ಕೆಳಗಿನೋರಿಗೆ ಉಸಿರುಗಟ್ಟಿಸತ್ತೆ, ಆಗ ಅಧಿಕಾರ ಹಂಚ್ಬೇಕು ಅಂತ. ಗೂಗಲ್‌ನಲ್ಲೂ 2001ರಲ್ಲಿ ಹೊರಗಿಂದ ತಂದ ಎರಿಕ್ ಶ್ಮಿಟ್‌ನ ಸಿಇಒ ಮಾಡಿದ್ರು, ಅದನ್ನ ಹುಟ್ಟುಹಾಕಿದವರಲ್ಲಿ ಒಬ್ರಾದ ಲ್ಯಾರಿ ಪೇಜ್ ವಾಪಸ್ ಆ ಕುರ್ಚಿಗೆ ಬಂದಿದ್ದು 2011ಕ್ಕೆ. ಹತ್ತು ವರ್ಷ ಅವರೇನೂ ಮೂಲೆಗೆ ಬಿದ್ದಿರ್ಲಿಲ್ಲ.

ಸಾಗರದ ಮಾಣಿ: ಅಕ್ಕಾ, ಇನ್ಫೋಸಿಸ್ ನೋಡಿ. 2014ರಲ್ಲಿ ಮೊದಲ ಸಲ ಹೊರಗಿನ ಸಿಕ್ಕಾ ಸಿಇಒ ಆಗಿ ಬಂದ್ರು, 2017ರಲ್ಲಿ ಬಿಟ್ಟು ಹೋದ್ರು, ಕೊನೆಗೆ ಕಂಪನಿ ಹುಟ್ಟುಹಾಕಿದವರಲ್ಲಿ ಒಬ್ರಾದ ನೀಲೇಕಣಿನೇ ಚೇರ್ಮನ್ ಆಗಿ ಬರ್ಬೇಕಾಯ್ತು.

ಶಿವಮೊಗ್ಗ ಅಕ್ಕ: ಸಿಕ್ಕಾ ಆದ ಮೇಲೆ ಸಿಇಒ ಆಗಿ ಬಂದ ಪಾರೇಖ್ ಕೂಡ ಹೊರಗಿನೋರೇ ಅಲ್ವಾ, ಅವರು ನಿಂತ್ರು. ಎಲ್ಲಿಂದ ಬಂದ್ರು ಅನ್ನೋದಲ್ಲ ವಿಷ್ಯ.

ಭದ್ರಾವತಿ ನಿವೃತ್ತ: ತಮ್ಮಾ, ನಾನು ಫೋರ್‌ಮನ್ ಆಗಿದ್ದವನು. ಮ್ಯಾನೇಜರ್ ಬಂದ್ರೂ ಪ್ರತಿಯೊಂದಕ್ಕೂ ನಿಮ್ಮಣ್ಣನ್ನೇ ಕೇಳ್ಬೇಕು ಅಂತಿದ್ರೆ ಅವನು ಸಂಬಳ ತಗೊಳ್ಳೋ ಗುಮಾಸ್ತ ಅಷ್ಟೇ. ಮೊದ್ಲು ಒಳಗಿನೋರನ್ನೇ ನೋಡಿ, ಅಣ್ಣ ಇಲ್ದಾಗ ಜನ ಯಾರ ಮಾತು ಕೇಳ್ತಾರೆ? ಅವರಿಗೆ ಐದು ಸಾವಿರದವರೆಗೆ ಕೇಳ್ದೇ ಖರ್ಚು ಮಾಡೋ ಅಧಿಕಾರ ಕೊಡಿ, ತಪ್ಪು ಮಾಡಿದ್ರೂ ಎಲ್ಲರ ಮುಂದೆ ಬೈಬೇಡಿ. ಹಾಳೆ ಖರೀದಿ ಅಣ್ಣನ ಹತ್ರನೇ ಇರ್ಲಿ.

ಸಾಗರದ ಮಾಣಿ: ಇದಕ್ಕೆ ನಂದೂ ಒಪ್ಪಿಗೆ.

ತೀರ್ಥಹಳ್ಳಿ ಹಾಳೆತಟ್ಟೆ: ಮಿಷನ್ ಹತ್ರ ಇರೋ ಅಕ್ಕ ಒಬ್ರಿದಾರೆ, ಮೊದ್ಲಿಂದ ಇರೋ ನಾಲ್ವರಲ್ಲಿ ಒಬ್ರು, ಎಲ್ಲರೂ ಅವರ ಮಾತು ಕೇಳ್ತಾರೆ. ಐದು ಸಾವಿರಕ್ಕೆ ಅಣ್ಣ ಒಪ್ಪಲ್ಲ, ಎರಡಕ್ಕೆ ಒಪ್ಪಿಸ್ತೀನಿ. ಗೋಡೌನ್ ಬೀಗದ ಕೈ ಮಾತ್ರ ನಾಳೆನೇ ಅವರಿಗೆ ಕೊಡಿಸ್ತೀನಿ.