ಅಪ್‌ಡೇಟ್: ಇಸ್ಲಾ ಮುಹೆರೆಸ್‌ಗೆ ಮತ್ತೆ ಒಬ್ಬಳೇ ಹೋಗಿ ಬಂದೆ

ಒಮ್ಮೆ ನೋಡಿದ ಮೆಕ್ಸಿಕೋದ ಇಸ್ಲಾ ಮುಹೆರೆಸ್ ದ್ವೀಪಕ್ಕೇ ಮತ್ತೆ ಒಬ್ಬಳೇ ಹೋದರೆ ಎಂಟು ದಿನ ಬೇಸರವಾಗುವುದಿಲ್ಲವೇ ಎಂದು ಡಿಸೆಂಬರ್‌ನಲ್ಲಿ ಇಲ್ಲಿ ಕೇಳಿದ್ದೆ. ಫೆಬ್ರವರಿಯಲ್ಲಿ ಹೋಗಿ ಬಂದೆ. ಬೇಸರದ ಮಾತೇ ಬರಲಿಲ್ಲ; ವಾಪಸು ದೋಣಿ ಹತ್ತುವಾಗ ಕಣ್ಣು ಒದ್ದೆಯಾಯಿತು.

ದ್ವೀಪ ಸುತ್ತಲು ಗಾಲ್ಫ್ ಕಾರ್ಟ್ (ಸಣ್ಣ ತೆರೆದ ಬಂಡಿ) ಎಲ್ಲ ದಿನವೂ ಬೇಕು ಎಂದು ಕೆಲವರು ಹೇಳಿದ್ದಿರಿ. ನನಗೆ ಒಂದೇ ದಿನ ಸಾಕಾಯಿತು. ದ್ವೀಪದ ಉದ್ದವೇ ಸುಮಾರು 7 ಕಿಲೋಮೀಟರ್. ಆ ದಿನ ದಕ್ಷಿಣದ ತುದಿ ಪುಂತಾ ಸುರ್‌ಗೆ ಹೋದೆ. ಬಂಡೆಯ ಮೇಲೆ ಮಾಯಾ ದೇವತೆ ಇಶ್‌ಚೆಲ್‌ಳ ಗುಡಿಯ ಅವಶೇಷವಿದೆ. 1517ರಲ್ಲಿ ಬಂದ ಸ್ಪೇನಿನವರು ಇಲ್ಲಿ ಹೆಣ್ಣು ವಿಗ್ರಹಗಳನ್ನು ಕಂಡು ‘ಇಸ್ಲಾ ಮುಹೆರೆಸ್’, ಅಂದರೆ ‘ಹೆಂಗಸರ ದ್ವೀಪ’ ಎಂದು ಹೆಸರಿಟ್ಟರಂತೆ. ಹೋದ ಸಲ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಅಲ್ಲಿ ಕುಳಿತೇ ಇರಲಿಲ್ಲ. ಈ ಬಾರಿ ಎರಡು ಗಂಟೆ ಕುಳಿತೆ, ಬಿಸಿಲಿಗೆ ಮೈಯೊಡ್ಡಿದ, ಉಡದಂತೆ ಕಾಣುವ ಇಗುವಾನಾಗಳ ಜೊತೆ.

ಉಳಿದ ದಿನಗಳು ಉತ್ತರ ತುದಿಯ ಕಡಲತೀರ ಪ್ಲಾಯಾ ನೋರ್ತೆಯಲ್ಲಿ ಕಳೆದವು. ಸಾಕಷ್ಟು ದೂರ ನಡೆದರೂ ನೀರು ಸೊಂಟ ದಾಟಲಿಲ್ಲ. ಈಜು ಬಾರದ ನನಗೆ ಅದೇ ದೊಡ್ಡ ಧೈರ್ಯ. ಎರಡು ದಿನ ಬಡಗಣ ಗಾಳಿ ಜೋರಾಗಿ ಬೀಸಿ ಸಣ್ಣ ದೋಣಿಗಳು ನಿಂತವು. ಚಳಿಗಾಲದಲ್ಲಿ ಹೋಗುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಸಂಜೆ ಚೌಕದಲ್ಲಿ ಮಾರ್ಕೆಸೀತಾ ತಿನ್ನದೆ ಬರಬೇಡಿ. ಕಾದ ಕಬ್ಬಿಣದ ಅಚ್ಚಿನಲ್ಲಿ ಹಿಟ್ಟು ಹುಯ್ದು ಒತ್ತಿ, ತುರಿದ ಚೀಸ್ ಉದುರಿಸಿ, ಬಿಸಿಯಿರುವಾಗಲೇ ಸುರುಳಿ ಸುತ್ತಿ ಕೊಡುತ್ತಾರೆ. ಹಪ್ಪಳದಂತೆ ಗರಿಗರಿ, ಒಳಗೆ ಉಪ್ಪುಪ್ಪು. ಎಂಟು ಸಂಜೆಯೂ ತಿಂದೆ.

ಧೈರ್ಯ ತುಂಬಿದ ಎಲ್ಲರಿಗೂ ಧನ್ಯವಾದ.